ವರ್ಷಗಟ್ಟಲೆ ಕೆಲಸ ಇಲ್ಲದವರ ಜೊತೆ ಕೂತು ಕೆಲಸ ಮಾಡೋದು ಹೇಗೆ: ಕಲಬುರಗಿ ಕಡೆಯ ಉದ್ಯೋಗ ಕೇಂದ್ರಗಳಿಗೆ ಹೊಸದಾಗಿ ಸೇರಿದವರಿಗೆ

ಮೊದಲ ದಿನ ರೆಸ್ಯೂಮ್ ಕೇಳಬೇಡಿ. ಹೊಸದಾಗಿ ಸೇರಿದವರು ಎಲ್ಲರೂ ಮಾಡೋದು ಅದನ್ನೇ, ಅದಕ್ಕೇ ಮೊದಲು ಹೇಳಿಬಿಡ್ತೀನಿ. ಎದುರಿಗೆ ಕೂತವರು ಮೂರು ವರ್ಷದಿಂದ ಖಾಲಿ ಇದ್ದಾರೆ ಅಂದ್ರೆ ಅವರ ಹತ್ತಿರ ರೆಸ್ಯೂಮ್ ಇದ್ದೇ ಇರುತ್ತೆ, ಅದೂ ನಾಲ್ಕೈದು ನಮೂನೆ, ಸೂಪರ್ ಮಾರ್ಕೆಟ್ ಕಡೆ ಯಾವುದೋ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದು, ಪ್ಲಾಸ್ಟಿಕ್ ಕವರಿನಲ್ಲಿ ಮೂಲೆ ಮಡಚಿಕೊಂಡಿದ್ದು. ಎಷ್ಟೋ ಕಡೆ ಕೊಟ್ಟಿದ್ದಾರೆ. ಎಲ್ಲಿಂದಲೂ ಉತ್ತರ ಬಂದಿಲ್ಲ. ನೀವೂ ಅದನ್ನೇ ಕೈ ಚಾಚಿ ಕೇಳಿದರೆ, ಇದೂ ಅಂಥದೇ ಇನ್ನೊಂದು ಆಫೀಸು ಅಂತ ಅವರು ಅಲ್ಲೇ ತೀರ್ಮಾನ ಮಾಡಿಬಿಡ್ತಾರೆ. ಮುಂದಿನ ವಾರ ಬರಲ್ಲ.

ಅದರ ಬದಲು ಒಂದು ನಿಯಮ ಇಟ್ಟುಕೊಳ್ಳಿ. ಬಂದವರು ಪ್ರತಿ ಸಲ ಏನಾದರೊಂದು ಮುಗಿಸಿಕೊಂಡೇ ಎದ್ದು ಹೋಗಬೇಕು. ಒಂದು ಫೋನ್ ಮಾಡಿದ್ದು, ಒಂದು ಅರ್ಜಿ ಹಾಕಿದ್ದು, ಒಂದು ಹೆಸರಿನ ತಪ್ಪು ಸರಿ ಮಾಡೋಕೆ ಕೊಟ್ಟಿದ್ದು, ಏನಾದರೂ ಸರಿ. ಸಲಹೆ ಲೆಕ್ಕಕ್ಕೆ ಬರಲ್ಲ. "ಇಂಗ್ಲಿಷ್ ಇಂಪ್ರೂವ್ ಮಾಡ್ಕೊಳ್ಳಿ" ಅನ್ನೋದು ಅವರಿಗೆ ಮಾವನೂ ಹೇಳಿದ್ದಾರೆ, ಪಕ್ಕದ ಮನೆಯವರೂ ಹೇಳಿದ್ದಾರೆ.

ಯಾರು ಬರ್ತಾರೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಹುಡುಕಿಯೂ ಸಿಗದವರು ದೀರ್ಘಕಾಲದ ನಿರುದ್ಯೋಗಿಗಳು. ನಮ್ಮ ಕಡೆ ಒಂದು ವರ್ಷ ಅಂದ್ರೆ ಯಾರೂ ಅದನ್ನ ಸಮಸ್ಯೆ ಅಂತಲೇ ಅನ್ಕೊಳ್ಳಲ್ಲ.

ಜಾಸ್ತಿ ಬರೋದು ಪರೀಕ್ಷೆಯ ಹುಡುಗರು. ಪದವಿ ಮುಗಿಸಿ, ನಗರದಲ್ಲಿ ರೂಮ್ ಮಾಡಿ, ಪಿಎಸ್‌ಐ, ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಾ ಮೂವತ್ತು ದಾಟಿದವರು. ಇವರನ್ನು "ಇಷ್ಟು ವರ್ಷ ಏನ್ ಮಾಡಿದ್ರಿ?" ಅಂತ ದಯವಿಟ್ಟು ಕೇಳಬೇಡಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಹೊರಗೆ ಬಂದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸರ್ಕಾರವೇ ನಿಲ್ಲಿಸಿತು. ಹಾಗಾಗಿ ಹೋದ ವರ್ಷಗಳೆಲ್ಲ ಹುಡುಗನ ಸೋಮಾರಿತನದಿಂದ ಹೋದದ್ದಲ್ಲ. ಇದು ನಿಮಗೆ ಗೊತ್ತಿದೆ ಅಂತ ಅವನಿಗೆ ಗೊತ್ತಾದರೆ ಮಾತು ಬೇರೆ ದಾರಿಯಲ್ಲೇ ಹೋಗುತ್ತೆ.

ಆಮೇಲೆ ನಲವತ್ತೈದು ದಾಟಿದ ಗಂಡಸರು. ಶಹಾಬಾದ್, ವಾಡಿ, ಚಿತ್ತಾಪುರ ಕಡೆಯವರು. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಶಹಾಬಾದ್ ಕಲ್ಲಿಗೆ ಮೊದಲಿನ ಬೇಡಿಕೆ ಇಲ್ಲ, ಪಾಲಿಶ್ ಮಷೀನುಗಳು ನಿಂತಿವೆ, ಕಲ್ಲು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದವರು ಇವರು. ಮೂರನೆಯವರು ಮದುವೆ, ಮಕ್ಕಳು ಅಂತ ಎಂಟು ಹತ್ತು ವರ್ಷ ಮನೆಯಲ್ಲಿದ್ದು ಈಗ ಹೊರಗೆ ಬರಬೇಕು ಅನ್ನೋ ಹೆಣ್ಣುಮಕ್ಕಳು, ಇವರಲ್ಲಿ ಬಿ.ಇಡಿ ಮುಗಿಸಿದವರು ಎಷ್ಟೊಂದು ಜನ ಅಂತ ನೋಡಿದರೆ ಬೇಜಾರಾಗುತ್ತೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯೋಕೆ ಹೋಗಿ ಕೈಕಾಲು ನೋವಿಗೋ ತಂದೆ ತಾಯಿ ನೋಡಿಕೊಳ್ಳೋಕೋ ವಾಪಸ್ ಬಂದವರೂ ಇದ್ದಾರೆ, ಯಾದಗಿರಿ ಕಡೆಯಿಂದ ಮತ್ತು ತಾಂಡಾಗಳಿಂದ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಭಾಷೆ ಸಲೀಸು. ಗುರುಮಠಕಲ್ ಕಡೆ ತೆಲುಗು, ಆಳಂದ ಮತ್ತು ಬೀದರ್ ಕಡೆ ಮರಾಠಿ, ನಗರದಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ. ಫಾರ್ಮ್ ಕನ್ನಡದಲ್ಲಿರಲಿ, ಮಾತು ಅವರ ಭಾಷೆಯಲ್ಲಿ ಆಗಲಿ.

ಮೊದಲ ಭೇಟಿ

"ಏನ್ ಮಾಡ್ಲಕತ್ತೀರಿ ಈಗ?" ಅಂತ ಕೇಳಿದರೆ ಸಿಗೋ ಉತ್ತರ "ಏನಿಲ್ರಿ, ಸುಮ್ನ ಮನ್ಯಾಗ ಕುಂತೀನ್ರಿ." ಮಾತು ಅಲ್ಲಿಗೇ ನಿಂತುಹೋಗುತ್ತೆ. ನಿನ್ನೆಯ ದಿನ ಕೇಳಿ. ಎಷ್ಟು ಗಂಟೆಗೆ ಎದ್ದಿರಿ, ಆಮೇಲೆ ಎಲ್ಲಿ ಹೋದ್ರಿ, ಮಧ್ಯಾಹ್ನ ಯಾರ ಜೊತೆ ಇದ್ರಿ. ಆಗ ಗೊತ್ತಾಗುತ್ತೆ, "ಸುಮ್ನೆ ಕೂತವರು" ಬೆಳಗ್ಗೆ ಅಣ್ಣನ ಮಕ್ಕಳನ್ನು ಶಾಲೆಗೆ ಬಿಡ್ತಾರೆ, ಗಂಜ್‌ನಲ್ಲಿ ಪರಿಚಯದವರ ಅಡತ್ (ಕಮಿಷನ್) ಅಂಗಡಿಯಲ್ಲಿ ತೊಗರಿ ಸೀಸನ್ನಿಗೆ ಚೀಟಿ ಬರೀತಾರೆ, ಓಣಿಯಲ್ಲಿ ಯಾರಿಗೆ ಆಸ್ಪತ್ರೆ ಅಂದ್ರೂ ಜೊತೆಗೆ ಓಡಾಡ್ತಾರೆ. ರೆಸ್ಯೂಮಿನಲ್ಲಿ ಇದ್ಯಾವುದೂ ಇರಲ್ಲ. ಬರೆದುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಕೆಲವರ ದಿನದಲ್ಲಿ ನಿಜವಾಗಿಯೂ ಏನೂ ಇರಲ್ಲ. ಹನ್ನೊಂದಕ್ಕೆ ಏಳೋದು, ಮೊಬೈಲು, ಸಂಜೆ ಕಟ್ಟೆ. ಇದನ್ನ ನೋಡಿ ಬೈಯೋಕೆ ಹೋಗಬೇಡಿ. 1930ರ ಸುಮಾರಿಗೆ ಆಸ್ಟ್ರಿಯಾದ ಮರೀನ್‌ಥಾಲ್ ಅನ್ನೋ ಊರಲ್ಲಿ ಇದ್ದ ಒಂದೇ ಬಟ್ಟೆ ಗಿರಣಿ ಮುಚ್ಚಿಹೋದಾಗ, ಮರೀ ಯಹೋಡಾ ಮತ್ತು ಜೊತೆಗಾರರು ಅಲ್ಲಿಗೆ ಹೋಗಿ ನೋಡಿದರು. ಗಂಡಸರು ರಸ್ತೆಯಲ್ಲಿ ನಿಧಾನ ನಡೀತಿದ್ದರು, ಮತ್ತೆ ಮತ್ತೆ ನಿಲ್ತಿದ್ದರು. ಗ್ರಂಥಾಲಯದಿಂದ ಪುಸ್ತಕ ಒಯ್ಯೋದು ಕಮ್ಮಿಯಾಗಿತ್ತು, ಟೈಮ್ ಬೇಕಾದಷ್ಟಿದ್ದರೂ. ನಮ್ಮಲ್ಲೂ ಎಂಎಸ್‌ಕೆ ಬಟ್ಟೆ ಮಿಲ್ ನಿಂತ ಮೇಲೆ ಏನಾಯಿತು ಅಂತ ಹಳೆಯ ಕಾರ್ಮಿಕರ ಮನೆಯವರನ್ನ ಕೇಳಿ ನೋಡಿ, ಇದೇ ಕಥೆ. ಕೆಲಸ ಹೋದಾಗ ಸಂಬಳದ ಜೊತೆ ದಿನದ ಚೌಕಟ್ಟೂ ಹೋಗುತ್ತೆ, ಜನರ ಜೊತೆ ಒಡನಾಟವೂ ಹೋಗುತ್ತೆ, ನಾನು ಇಂಥವನು ಅನ್ನೋ ಹೆಸರೂ ಹೋಗುತ್ತೆ. ಯಹೋಡಾ ಆಮೇಲೆ ಬಹಳ ವರ್ಷ ಇದನ್ನೇ ಬರೆದರು.

ಅದಕ್ಕೆ ಭೇಟಿಗೆ ದಿನ ಮತ್ತು ಗಂಟೆ ಗಟ್ಟಿ ಮಾಡಿ. "ಯಾವಾಗ ಬೇಕಾದರೂ ಬನ್ನಿ" ಅನ್ನೋದು ಒಳ್ಳೆ ಮಾತಿನ ಹಾಗೆ ಕೇಳಿಸುತ್ತೆ, ಆದರೆ ದಿನವೇ ಇಲ್ಲದವರಿಗೆ ಅದರಿಂದ ಏನೂ ಉಪಯೋಗ ಇಲ್ಲ. ಮಂಗಳವಾರ ಹತ್ತು ಗಂಟೆ ಅಂದರೆ ಮಂಗಳವಾರ ಹತ್ತು ಗಂಟೆ. ನೀವೂ ಇರಬೇಕು. ಮೀಟಿಂಗ್ ಬಂತು ಅಂತ ಒಂದು ಸಲ ಕಾಯಿಸಿದರೆ ಎರಡು ತಿಂಗಳ ಕೆಲಸ ನೀರಲ್ಲಿ ಹೋಮ.

ಕಾಗದಪತ್ರ: ಇಲ್ಲೇ ಅರ್ಧ ಕೆಲಸ

ಕೌನ್ಸೆಲಿಂಗ್ ತರಬೇತಿಯಲ್ಲಿ ಇದನ್ನ ಯಾರೂ ಕಲಿಸಲ್ಲ. ಆದರೆ ಎಷ್ಟೋ ಜನಕ್ಕೆ ಸಿಕ್ಕ ಕೆಲಸ ಕೈ ತಪ್ಪೋದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಪ್ಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎಸ್. ಬಿ. ಶರಣು, ಊರಲ್ಲಿ ಬರೀ ಶರಣು. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂರು ಜನ. ಪಿಎಫ್ ಖಾತೆ ತೆರೆಯೋವಾಗ ಹೆಸರು ಹೊಂದಲ್ಲ, ಗುತ್ತಿಗೆದಾರ "ಸರಿ ಮಾಡ್ಕೊಂಡು ಬಾ" ಅಂತ ಕಳಿಸ್ತಾನೆ, ಈತ ನಾಲ್ಕು ದಿನ ಅಲೆದು ಬರೋಷ್ಟರಲ್ಲಿ ಜಾಗ ತುಂಬಿರುತ್ತೆ.

ಹಾಗಾಗಿ ಎರಡನೇ ಭೇಟಿಯಲ್ಲಿ ಎಲ್ಲ ಕಾಗದ ಮೇಜಿನ ಮೇಲೆ ಹರಡಿ. ಅಕ್ಷರ ಅಕ್ಷರ ಹೋಲಿಸಿ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಅದಕ್ಕೆ ಅವಸರ ಬೇಡ, ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಆಗಬೇಕು ಅಂತ ನೋಡಿಕೊಂಡು ಅರ್ಜಿ ಹಾಕಿಸಿ.

ಆಮೇಲೆ ಫೋನ್ ನಂಬರ್. ಆಧಾರ್‌ಗೆ ಜೋಡಿಸಿದ ನಂಬರು ರೀಚಾರ್ಜ್ ಇಲ್ಲದೆ ಯಾವತ್ತೋ ಬಂದ್ ಆಗಿರುತ್ತೆ, ಈಗ ಅದು ಬೇರೆ ಯಾರದೋ ಕೈಲಿದೆ. ಒಟಿಪಿ ಬರಲ್ಲ. ಒಟಿಪಿ ಬರದಿದ್ದರೆ ಪಿಎಫ್ ಇಲ್ಲ, ಸೇವಾ ಸಿಂಧು ಇಲ್ಲ, ಏನೂ ಇಲ್ಲ. ಇದಕ್ಕೆ ಆಧಾರ್ ಕೇಂದ್ರಕ್ಕೋ ಆ ಸೌಲಭ್ಯ ಇರುವ ಅಂಚೆ ಕಚೇರಿಗೋ ಅವರೇ ಖುದ್ದಾಗಿ ಹೋಗಿ ಬೆರಳೊತ್ತಿ ನಂಬರ್ ಬದಲಿಸಿಕೊಳ್ಳೋದು ಒಳ್ಳೇದು. ಸಾಧ್ಯ ಆದರೆ ಮೊದಲ ಸಲ ನೀವೋ ನಿಮ್ಮ ಕೇಂದ್ರದವರೋ ಜೊತೆಗೆ ಹೋಗಿ. ಕೌಂಟರಿನಲ್ಲಿ "ಇವತ್ತು ಸರ್ವರ್ ಇಲ್ಲ" ಅಂದ ತಕ್ಷಣ ವಾಪಸ್ ಬರೋದು ಇವರಿಗೆ ರೂಢಿಯಾಗಿದೆ. ಜೊತೆಗೆ ಒಬ್ಬರಿದ್ದರೆ "ಎಷ್ಟೊತ್ತಿಗೆ ಬರುತ್ತೆ?" ಅಂತ ಇನ್ನೊಂದು ಪ್ರಶ್ನೆ ಕೇಳ್ತಾರೆ.

ಬ್ಯಾಂಕ್ ಖಾತೆ ಎರಡು ವರ್ಷ ಮುಟ್ಟದೆ ಬಿಟ್ಟಿದ್ದರೆ ನಿಷ್ಕ್ರಿಯ ಆಗಿರುತ್ತೆ. ಮತ್ತೆ ಚಾಲೂ ಮಾಡೋಕೆ ಶುಲ್ಕ ಕೇಳೋ ಹಾಗಿಲ್ಲ, ಕೆವೈಸಿ ಕಾಗದ ಕೊಟ್ಟರೆ ಸಾಕು. ಬೆಂಗಳೂರಲ್ಲೋ ಪುಣೆಯಲ್ಲೋ ಸೆಕ್ಯೂರಿಟಿ ಕೆಲಸ ಮಾಡಿ ಬಂದವರಿಗೆ ಹಳೆಯ ಪಿಎಫ್ ದುಡ್ಡು ಇದ್ದರೂ ಇರಬಹುದು. ಸಂಬಳದ ಚೀಟಿ ಇದೆಯಾ ಅಂತ ಹುಡುಕಿಸಿ, ಯುಎಎನ್ ಅನ್ನೋ, ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್ ಶುರುವಾಗಿದ್ದು 2014ರಲ್ಲಿ, ಅದಕ್ಕಿಂತ ಮುಂಚಿನವರದು ಹಳೆಯ ಪಿಎಫ್ ನಂಬರಿನಲ್ಲಿರುತ್ತೆ. ಕಲಬುರಗಿಯಲ್ಲೇ ಪಿಎಫ್ ಕಚೇರಿ ಇದೆ. ಮರೆತೇಹೋಗಿದ್ದ ದುಡ್ಡು ಖಾತೆಗೆ ಬಂದ ದಿನ ಆ ಮನುಷ್ಯ ನಿಮ್ಮ ಕೇಂದ್ರವನ್ನ ನಂಬೋಕೆ ಶುರು ಮಾಡ್ತಾನೆ. ನೂರು ಪ್ರೇರಣೆ ಭಾಷಣಕ್ಕಿಂತ ಇದು ವಾಸಿ.

ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡೋ 371(ಜೆ) ಪ್ರಮಾಣಪತ್ರ ಇಲ್ಲದವರಿಗೆ ನಾಡಕಚೇರಿ ಮೂಲಕ ಅರ್ಜಿ ಹಾಕಿಸಿ, ಕೊಡೋದು ಸಹಾಯಕ ಆಯುಕ್ತರು. ಸ್ಥಳೀಯ ವೃಂದದಲ್ಲಿ ಗ್ರೂಪ್ ಬಿಗೆ 75, ಸಿಗೆ 80, ಡಿಗೆ 85 ಶೇಕಡಾ ಮೀಸಲು ಅಂತ ಎಲ್ಲರಿಗೂ ಬಾಯಿಪಾಠ. ಆದರೆ ಇದು ಖಾಸಗಿ ಕಂಪನಿಗಳಿಗೂ ಇದೆ ಅಂತ ತಿಳಿದು ಸೆಕ್ಯೂರಿಟಿ ಗೇಟಿನಲ್ಲೇ ವಾದ ಮಾಡಿ ಬರೋರಿದ್ದಾರೆ. ಖಾಸಗಿಯವರಿಗೆ ಅನ್ವಯ ಆಗಲ್ಲ ಅಂತ ಮೊದಲೇ ಹೇಳಿಬಿಡಿ.

ಇನ್ನೊಂದು ವಿಷಯ, ಸಣ್ಣದು. ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಹೊರಗಿನ ಊರಿಂದ ಬಂದ ಸಿಬ್ಬಂದಿಗೆ ಇದು ಗೊತ್ತಿರಲ್ಲ, ಎರಡು ಗಂಟೆಗೆ ಹೋಗಿ ಅಂತ ಕಳಿಸ್ತಾರೆ. ಸೇಡಂನಿಂದ ಬಂದವರು ನಲವತ್ತೆರಡು ಡಿಗ್ರಿಯಲ್ಲಿ ಬೀಗ ನೋಡಿ ವಾಪಸ್ ಹೋಗ್ತಾರೆ.

ದುಡ್ಡಿನ ಲೆಕ್ಕ ಮುಚ್ಚಿಡಬೇಡಿ

"ಕೆಲಸ ಕೊಟ್ರೂ ಬೇಡ ಅಂತಾರೆ" ಅಂತ ಸಿಬ್ಬಂದಿ ಗೊಣಗೋದು ಕೇಳಿದ್ದೀನಿ. ಯಾಕೆ ಬೇಡ ಅಂತಾರೆ ಅಂತ ಕಾಗದದ ಮೇಲೆ ಬರೆದು ನೋಡಿ. 13,000 ಸಂಬಳ ಅಂತ ಇಟ್ಟುಕೊಳ್ಳಿ. ಪೂರ್ತಿ ಸಂಬಳದ ಮೇಲೆ ಪಿಎಫ್ ಹಿಡಿದರೆ 12 ಶೇಕಡಾ ಅಂದ್ರೆ 1,560. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 0.75 ಶೇಕಡಾ, ಸುಮಾರು 98. ಕೈಗೆ ಬರೋದು 11,342. ಊರಿಂದ ಓಡಾಡೋ ಗಂಡಸಿಗೆ ಬಸ್ ಖರ್ಚು, ನಗರದಲ್ಲಿದ್ದರೆ ರೂಮ್ ಬಾಡಿಗೆ, ಊಟ. ಉಳಿಯೋದು ಎಷ್ಟು ಅಂತ ಅವರು ಮನಸ್ಸಲ್ಲೇ ಎಂದೋ ಲೆಕ್ಕ ಹಾಕಿರ್ತಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ ಇರೋದರಿಂದ ಈ ಲೆಕ್ಕ ಬೇರೆ ಆಗುತ್ತೆ, ಚಿತ್ತಾಪುರದಿಂದಲೋ ಆಳಂದದಿಂದಲೋ ದಿನಾ ಬಂದು ಹೋಗೋದು ಈಗ ಆಗೋ ಮಾತು. ಆದರೆ ಸಂಜೆ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ನೀವೇ ಮೊದಲು ತಿಳಿದುಕೊಳ್ಳಿ. ಅಂಗಡಿ ಒಂಬತ್ತಕ್ಕೆ ಮುಚ್ಚಿ ಬಸ್ ಎಂಟಕ್ಕೇ ಹೋದರೆ ಆ ಕೆಲಸ ಆಕೆಗೆ ಆಗಿಬರಲ್ಲ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬಗ್ಗೆಯೂ ಕೇಳ್ತಾರೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕ ಮೇಲೆ ನಿಲ್ಲುತ್ತೆ. 2022-23ಕ್ಕಿಂತ ಮುಂಚೆ ಪಾಸಾದವರಿಗೆ ಇಲ್ಲವೇ ಇಲ್ಲ, ಅಂದ್ರೆ ನಿಜವಾಗಿಯೂ ಹಳೆಯ ನಿರುದ್ಯೋಗಿಗಳು ಇದರ ಹೊರಗೇ ಇದ್ದಾರೆ.

ಇದಕ್ಕಿಂತ ದೊಡ್ಡ ಭಯ ರೇಷನ್ ಕಾರ್ಡಿನದು. ಬಿಪಿಎಲ್ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ. 13,000 ಸಂಬಳ ವರ್ಷಕ್ಕೆ 1.56 ಲಕ್ಷ ಆಗುತ್ತೆ. "ಪಿಎಫ್ ಹಿಡಿಯೋ ಕೆಲಸ ಬ್ಯಾಡ್ರಿ, ಕಾರ್ಡ್ ಹೋಗ್ತದ" ಅಂತ ಯಾರಾದರೂ ಹೇಳಿದರೆ ನಗಬೇಡಿ, ಅವರ ಲೆಕ್ಕದಲ್ಲಿ ತಪ್ಪಿಲ್ಲ. "ಏನೂ ಆಗಲ್ಲ" ಅಂತ ಭರವಸೆಯನ್ನೂ ಕೊಡಬೇಡಿ. ಅದರ ಎದುರಿಗೆ ಇಎಸ್‌ಐ ಇಡಿ. 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಸಿಗುತ್ತೆ, ಮನೆಯವರಿಗೂ ಚಿಕಿತ್ಸೆ, ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ಗೃಹಲಕ್ಷ್ಮಿ ನಿಲ್ಲೋದು ಆಕೆಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ, ಈ ಸಂಬಳಕ್ಕೆ ಆ ಪ್ರಶ್ನೆ ಬರಲ್ಲ. ಎಲ್ಲ ಬರೆದು ಕೊಡಿ. ಮನೆಗೆ ಒಯ್ದು ಹಿರಿಯರ ಜೊತೆ ಮಾತಾಡಿ ಬರಲಿ. ತೀರ್ಮಾನ ಅವರದು.

ಫೋನ್ ಅವರ ಎದುರಿಗೇ ಮಾಡಿ

ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಕೇಂದ್ರ ಸರ್ಕಾರದ ಎನ್‌ಸಿಎಸ್ ಇರಲಿ, ರಾಜ್ಯದ ಸ್ಕಿಲ್ ಕನೆಕ್ಟ್ ಇರಲಿ, ಐದು ನಿಮಿಷದ ಕೆಲಸ. ಆದರೆ ಅದನ್ನೇ ಕೆಲಸ ಹುಡುಕೋದು ಅಂತ ತಿಳಿಬೇಡಿ. ಕಪನೂರಿನ ದಾಲ್ ಮಿಲ್ಲುಗಳು, ನಂದೂರು-ಕೆಸರಟಗಿಯ ಘಟಕಗಳು, ಖಾಸಗಿ ಆಸ್ಪತ್ರೆಗಳು, ಗೋದಾಮುಗಳು, ಹುಮನಾಬಾದ್ ಕಡೆಯ ಕಾರ್ಖಾನೆಗಳು, ಇವರಲ್ಲಿ ಎಷ್ಟೋ ಜನ ಎಲ್ಲೂ ಜಾಹೀರಾತು ಹಾಕಲ್ಲ. ಸೂಪರ್‌ವೈಸರ್‌ಗೆ ಗೊತ್ತಿದ್ದವರು ಒಳಗೆ ಹೋಗ್ತಾರೆ, ಅಷ್ಟೇ. ನಿಮ್ಮ ಕೆಲಸ ಆ ಗೊತ್ತಿದ್ದವರು ಆಗೋದು.

ಸ್ಪೀಕರ್ ಹಾಕಿ, ಎದುರಿಗೆ ಕೂರಿಸಿಕೊಂಡು ಮಾತಾಡಿ. ನಾನು ಒಮ್ಮೆ ಹೀಗೆ ಕಲ್ಲಿನ ಪಾಲಿಶ್ ಮಾಡ್ತಿದ್ದ ಒಬ್ಬರನ್ನ ಕೂರಿಸಿಕೊಂಡು ಗೋದಾಮಿನ ಮ್ಯಾನೇಜರ್ ಜೊತೆ ಮಾತಾಡ್ತಿದ್ದೆ. ಆತ ವಯಸ್ಸು ಕೇಳಿದ, 48 ಅಂದೆ, "ಜಾಸ್ತಿ ಆಯ್ತಲ್ರಿ" ಅಂದ. ಪಕ್ಕದಲ್ಲಿದ್ದವರು ತಲೆ ತಗ್ಗಿಸಿದರು. ಮಷೀನ್ ಸದ್ದು ಕೇಳಿಯೇ ಬೆಲ್ಟ್ ಯಾವಾಗ ಹೋಗುತ್ತೆ ಅಂತ ಹೇಳ್ತಾರೆ, ಇಪ್ಪತ್ತು ವರ್ಷ ಮಷೀನ್ ಜೊತೆಗೇ ಇದ್ದವರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಮ್ಮ ಕನ್ವೇಯರ್ ನೋಡ್ಕೊಳ್ಳೋಕೆ ಯಾರೂ ಇಲ್ರಿ, ನಾಳೆ ಕಳಿಸ್ರಿ ನೋಡಮಾ" ಅಂದ. ಬೆಲ್ಟಿನ ವಿಷಯ ನನಗೆ ಗೊತ್ತಾಗಿದ್ದು ಮೊದಲ ಭೇಟಿಯಲ್ಲಿ ದಿನಚರಿ ಕೇಳಿದಾಗ, ಓಣಿಯ ಹಿಟ್ಟಿನ ಗಿರಣಿ ಕೆಟ್ಟರೆ ಇವರನ್ನೇ ಕರೀತಾರೆ ಅಂತ ಅವರೇ ಹೇಳಿದ್ದರು.

ಖಾಲಿ ವರ್ಷಗಳ ಬಗ್ಗೆ ಸುಳ್ಳು ಬರೆಸಬೇಡಿ. ಇಲ್ಲದ ಕಂಪನಿಯ ಅನುಭವ ಪತ್ರ ಮಾಡಿಸಿಕೊಡೋ ಅಂಗಡಿಗಳಿವೆ, ಆ ಕಡೆ ಹೋಗೋದೇ ಬೇಡ. ಎರಡು ವಾಕ್ಯ ಸಾಕು: "2017ರಿಂದ 2024 ಮಕ್ಕಳು ಸಣ್ಣವರಿದ್ದರು, ಮನೆಯಲ್ಲಿದ್ದೆ. ಈಗ ಇಬ್ಬರೂ ಶಾಲೆಗೆ ಹೋಗ್ತಾರೆ, ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಬರಬಲ್ಲೆ." ಇದನ್ನ ಜೋರಾಗಿ ಹೇಳಿಸಿ, ನಾಚಿಕೆ ಹೋಗೋವರೆಗೆ ಹೇಳಿಸಿ. ದನಿ ಇಳಿಯೋದು ಯಾವಾಗಲೂ ಆ "ಮನೆಯಲ್ಲಿದ್ದೆ" ಹತ್ತಿರ.

ಕೆಲಸ ಕೊಡಿಸ್ತೀವಿ ಅಂತ ಮುಂಗಡ ದುಡ್ಡು ಕೇಳೋರ ಬಗ್ಗೆ ಪ್ರತಿಯೊಬ್ಬರಿಗೂ ಹೇಳಿ. ವಿಮಾನ ನಿಲ್ದಾಣ, ರೈಲ್ವೆ, ಮನೆಯಲ್ಲೇ ಡೇಟಾ ಎಂಟ್ರಿ ಅಂತ ಬರೋ ಮೆಸೇಜುಗಳು. ಬಹಳ ದಿನ ಖಾಲಿ ಇದ್ದವರೇ ಜಾಸ್ತಿ ಬಲಿಯಾಗೋದು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಗುಂಪು

ಒಬ್ಬೊಬ್ಬರ ಜೊತೆ ಮಾತ್ರ ಕೂತರೆ ನಿಮಗೂ ಸುಸ್ತು, ಅವರಿಗೂ ಒಂಟಿತನ ಹೋಗಲ್ಲ. ಅಮೆರಿಕದಲ್ಲಿ ನೇಥನ್ ಅಜ್ರಿನ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಜಾಬ್ ಕ್ಲಬ್ ಅಂತ ಒಂದು ಪದ್ಧತಿ ಶುರು ಮಾಡಿದರು. ಕೆಲಸ ಇಲ್ಲದವರೇ ಗುಂಪಾಗಿ ಕೂತು, ಅಲ್ಲಿಂದಲೇ ಫೋನ್ ಮಾಡ್ತಾ, ಇಬ್ಬಿಬ್ಬರು ಜೋಡಿಯಾಗಿ ಒಬ್ಬರದು ಒಬ್ಬರು ಕೇಳಿಸಿಕೊಳ್ತಾ ಕೆಲಸ ಹುಡುಕೋದು. ನಮ್ಮಲ್ಲಿ ಇದು ಚೆನ್ನಾಗಿ ನಡೆಯುತ್ತೆ, ಕಟ್ಟೆ ಮೇಲೆ ಗುಂಪಾಗಿ ಕೂರೋದು ನಮಗೆ ಯಾರೂ ಕಲಿಸಬೇಕಿಲ್ಲವಲ್ಲ. ಎಂಟು ಹತ್ತು ಜನ ಸಾಕು. ಪರೀಕ್ಷೆ ಹುಡುಗರನ್ನೂ ಹಿರಿಯರನ್ನೂ ಬೆರೆಸಿ. ಹುಡುಗರು ಫಾರ್ಮ್ ತುಂಬಿಕೊಡ್ತಾರೆ, ಹಿರಿಯರಿಗೆ ಯಾವ ಗುತ್ತಿಗೆದಾರ ಸಂಬಳ ಸರಿಯಾಗಿ ಕೊಡ್ತಾನೆ ಅಂತ ಗೊತ್ತಿರುತ್ತೆ. ಚಹಾ ನಿಮ್ಮ ಖರ್ಚಿನಲ್ಲಿ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಇಡಬೇಡಿ, ಎಲ್ಲರೂ ಹೊಲದಲ್ಲಿ ಭಜ್ಜಿ ರೊಟ್ಟಿ ಊಟಕ್ಕೆ ಕೂತಿರ್ತಾರೆ, ನೀವೂ ಹೋಗೋದು ಒಳ್ಳೇದು.

ಪರೀಕ್ಷೆ ಬಿಟ್ಟುಬಿಡು ಅಂತ ಯಾರಿಗೂ ಹೇಳಬೇಡಿ. ಓದೋ ಟೈಮ್ ಉಳಿಯೋ ಕೆಲಸ ಹುಡುಕಿ. ಬೆಳಗಿನ ಪಾಳಿ, ಕೋಚಿಂಗ್ ಸೆಂಟರಿನಲ್ಲೇ ಪಾಠ, ಗ್ರಂಥಾಲಯ. ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ಎಷ್ಟು ವರ್ಷ ಬರೀಬೇಕು ಅನ್ನೋದನ್ನ ಅವನೇ ಯೋಚನೆ ಮಾಡ್ತಾನೆ.

ಸೇರಿದ ಮೇಲೆ

ಕೇಂದ್ರದ ರಿಜಿಸ್ಟರಿನಲ್ಲಿ "ನೇಮಕ" ಅಂತ ಬರೆದರೆ ಮುಗೀತು ಅಂತ ಫೈಲ್ ಮುಚ್ಚೋದು ಎಲ್ಲ ಕಡೆ ಇರೋ ಚಾಳಿ. ವರ್ಷಗಟ್ಟಲೆ ಖಾಲಿ ಇದ್ದವರಿಗೆ ಕಷ್ಟ ಶುರುವಾಗೋದೇ ಆಗ. ಎಂಟು ಗಂಟೆ ನಿಲ್ಲೋಕೆ ಕಾಲು ಒಪ್ಪಲ್ಲ. ತನಗಿಂತ ಹದಿನೈದು ವರ್ಷ ಸಣ್ಣವನು "ಏಯ್" ಅಂತ ಕರೀತಾನೆ. ಮೊದಲ ಸಂಬಳ ಬರೋಕೆ ನಲವತ್ತು ದಿನ ಆಗಬಹುದು, ಅಲ್ಲಿವರೆಗೆ ಬಸ್ಸಿಗೆ ದುಡ್ಡು ಎಲ್ಲಿಂದ? ಇದನ್ನ ಸೇರೋ ಮುಂಚೆಯೇ ಮಾತಾಡಿ. ಯಾರು ಸಾಲ ಕೊಡ್ತಾರೆ, ಎಷ್ಟು ಬೇಕು, ಮಾಲೀಕರು ಹದಿನೈದನೇ ದಿನಕ್ಕೆ ಸ್ವಲ್ಪ ಅಡ್ವಾನ್ಸ್ ಕೊಡ್ತಾರಾ ಅಂತ ನೀವೇ ಕೇಳಿಡಿ.

ಮೊದಲ ದಿನ ಸಂಜೆ ಫೋನ್ ಮಾಡಿ. ಮೂರನೇ ದಿನ ಮಾಡಿ. ಮೊದಲ ಸೋಮವಾರ ಬೆಳಗ್ಗೆ ಮಾಡಿ, ಭಾನುವಾರ ಮನೆಯಲ್ಲಿದ್ದು ಸೋಮವಾರ ಏಳದೇ ಇರೋರು ಬಹಳ. ಮಾಲೀಕರ ಕಡೆಗೂ ಒಂದು ಫೋನ್ ಇರಲಿ, "ಹೆಂಗ್ ಮಾಡ್ಲಕತ್ತಾರ್ರಿ ನಮ್ಮವರು?" ಅಂತ. ಸಣ್ಣ ತಕರಾರು ಇದ್ದರೆ ಆಗಲೇ ಗೊತ್ತಾಗುತ್ತೆ, ಇಲ್ಲಾಂದ್ರೆ ಅದೇ ದೊಡ್ಡದಾಗಿ ಒಂದು ದಿನ ಬರಬೇಡ ಅಂತಾರೆ.

ಬಿಟ್ಟು ಬಂದರೆ ಮುಖ ತೋರಿಸೋಕೆ ನಾಚಿಕೆಯಾಗಿ ನಿಮ್ಮ ಫೋನೂ ಎತ್ತಲ್ಲ. ಹಾಗಾಗಿ ಸೇರೋ ದಿನವೇ ಹೇಳಿಡಿ: "ಆಗಲಿಲ್ಲ ಅಂದ್ರೆ ಮೊದಲು ನನಗೆ ಹೇಳ್ರಿ, ಬೈಯೋದಿಲ್ಲ, ಬೇರೆ ನೋಡಮಾ." ಆದರೂ ಎತ್ತದಿದ್ದರೆ ಮೆಸೇಜ್ ಹಾಕಿ. ಯಾಕೆ ಬಿಟ್ರಿ ಅಂತ ಅದರಲ್ಲಿ ಕೇಳಬೇಡಿ. ಮಂಗಳವಾರ ಹತ್ತು ಗಂಟೆಗೆ ಗುಂಪು ಇದೆ, ಬೇರೆ ಕೆಲಸದ್ದೊಂದು ಬಂದಿದೆ, ಆಧಾರ್ ತರೋದು ಮರೀಬೇಡಿ ಅಂತ ಮಾತ್ರ ಬರೆಯಿರಿ.